ಮುಕ್ಕಾಲು ಧಣಿಯ ತೂಕ

ನಮ್ಮ ಸೋದರತ್ತೆಯ ತರಕಾರಿ ಅಂಗಡಿಯಲ್ಲಿ ಯಾರಾದರೂ ಕೊಸರು ಕೇಳಿದರೆ ಅವರು ಬೀದಿಗೆ ಹೊಸಬರು ಎಂದೇ ಅರ್ಥ. ಹಳಬರು ಕೇಳುವುದಿಲ್ಲ. ಒಂದು ಕೇಜಿ ಈರುಳ್ಳಿ ಎಂದರೆ ಒಂದು ಕೇಜಿ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ, ಇನ್ನೊಂದು ಪುಟ್ಟದು ಹಾಕಿ ಎಂದು ಯಾರಾದರೂ ಅಂದರೆ, ಅತ್ತೆ ಅವರ ಮುಖವನ್ನೊಮ್ಮೆ ನೋಡಿ, ತೂಗಿದ್ದನ್ನೆಲ್ಲ ಬುಟ್ಟಿಗೆ ಸುರಿದು, “ಮುಂದಿನವರು ಬನ್ನಿ” ಎನ್ನುತ್ತಾರೆ. ಹಾಗಂತ ಗುಲಗಂಜಿಯಷ್ಟು ಕಡಿಮೆ ತೂಗಿದವರೂ ಅಲ್ಲ. ಒಮ್ಮೆ ಒಬ್ಬರು ಮನೆಗೆ ಹೋಗಿ ತೂಗಿ ನೋಡಿ, ಟೊಮ್ಯಾಟೊ ಕಡಿಮೆ ಬಂದಿದೆ ಎಂದು ಹಿಂದಿರುಗಿ ಬಂದರು. ಅತ್ತೆ ಅಂಗಡಿಗೆ ಅರ್ಧ ಬಾಗಿಲು ಹಾಕಿ, ತಕ್ಕಡಿ, ತೂಕದ ಕಲ್ಲು, ಟೊಮ್ಯಾಟೊ ಎಲ್ಲವನ್ನೂ ಹೊತ್ತು ಅವರ ಅಡುಗೆಮನೆಗೇ ನುಗ್ಗಿ, ಸುಳ್ಳು ಹೇಳುತ್ತಿರುವುದು ಅವರ ಮನೆಯ ತಕ್ಕಡಿ ಎಂದು ತೋರಿಸಿ ಬಂದರು. ಆ ಮನೆಯವರು ಅಂದಿನಿಂದ ಬೇರೆ ಬೀದಿಯಲ್ಲಿ ತರಕಾರಿ ಕೊಳ್ಳುತ್ತಾರೆ. ಅತ್ತೆಗೆ ಅದರಿಂದ ನಷ್ಟವೂ ಆಯಿತು, ಸಂತೋಷವೂ ಆಯಿತು.

ಇಂಥ ಅತ್ತೆ ಒಂದೇ ಒಂದು ಸಲ ತೂಕದಲ್ಲಿ ಮೋಸ ಮಾಡಿದರು. ಮಾಡಿದ್ದು ತಮ್ಮ ನಾಯಿಗಾಗಿ.

ನಾಯಿಯ ಹೆಸರು ಧಣಿ. ಎದುರಿನ ಇಸ್ತ್ರಿ ಅಂಗಡಿಯವನು ಇಟ್ಟ ಹೆಸರು. ಬೆಳಗಿನಿಂದ ದುಡಿಯುವುದು ಅತ್ತೆ, ಗೋಣಿಚೀಲದ ಮೇಲೆ ಕಾಲು ಚಾಚಿ ಮಲಗಿ ಬಂದು ಹೋಗುವವರನ್ನು ಅರೆಗಣ್ಣಲ್ಲಿ ನೋಡುವುದು ನಾಯಿ, ಹಾಗಿದ್ದ ಮೇಲೆ ಧಣಿ ಯಾರು ಎಂಬುದು ಅವನ ವಾದ. ಕಂದು ಬಣ್ಣದ ದೊಡ್ಡ ಬೀದಿನಾಯಿ, ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ. ಇಲಿ ಕಾಯಲೆಂದು ಸಾಕಿದ್ದು. ಇಲಿ ಬಂದರೆ ಧಣಿ ಎದ್ದು ಅದಕ್ಕೆ ದಾರಿ ಬಿಡುತ್ತಿದ್ದ. ಕ್ಯಾರೆಟ್ ಕದಿಯುವುದರಲ್ಲಿ ಮಾತ್ರ ಇಲಿಗಿಂತ ಚುರುಕು.

ಅವನು ಎಡ ಮುಂಗಾಲನ್ನು ಊರದೆ ಕುಂಟತೊಡಗಿದಾಗ ಅತ್ತೆ ಮೊದಲು ಮಾಡಿದ್ದು ಇಸ್ತ್ರಿಯವನ ಮೇಲೆ ಕಾಲು ಕೆರೆದು ಜಗಳಕ್ಕೆ ಹೋದದ್ದು.

“ಏನಯ್ಯಾ, ಅವನ ಕಾಲಿಗೆ ಏನು ಎಸೆದೆ?”

“ನಾನ್ಯಾಕೆ ಎಸೀಲಿ ಅಕ್ಕಾ. ದಿನಾ ಬಿಸ್ಕತ್ತು ಹಾಕೋನು ನಾನು.”

“ಓಹೋ. ಅದಕ್ಕೇ ನನ್ನ ಊಟ ಅವನಿಗೆ ಸೇರ್ತಿಲ್ಲ,” ಎಂದು ಅತ್ತೆ ಅದೇ ಜಾಗದಲ್ಲಿ ನಿಂತು ಎರಡನೇ ಜಗಳ ಶುರು ಮಾಡಿದರು.

ನಮ್ಮ ಮನೆಯವರಲ್ಲಿ ಕಾರು ಇರುವುದು ನನಗೊಬ್ಬಳಿಗೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಾರೂ ಕನ್ನಡಕದ ಡಬ್ಬಿಯಷ್ಟೇ ಇದೆ. ಅದರಲ್ಲಿ ಧಣಿಯನ್ನೂ ಅತ್ತೆಯನ್ನೂ ತುರುಕಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನನಗಿಂತ ಚಿಕ್ಕವಳು, ಮೆಲುಮಾತಿನವಳು, ಆದರೆ ಏನನ್ನೂ ಮುಚ್ಚಿಡದವಳು. ಎಕ್ಸ್‌ರೇ ನೋಡಿ ಹೇಳಿದಳು: ಮೂಳೆಯ ಕ್ಯಾನ್ಸರ್. ಕಾಲು ತೆಗೆಯಬೇಕು, ತೆಗೆದರೆ ನೋವು ಹೋಗುತ್ತದೆ. ಆದರೆ ಕಾಯಿಲೆಯ ಬೀಜ ಆಗಲೇ ಮೈಯಲ್ಲಿ ಬೇರೆಲ್ಲೋ ಸೇರಿಕೊಂಡಿರಬಹುದು, ಅದಕ್ಕಾಗಿ ಮೂರು ವಾರಕ್ಕೊಮ್ಮೆ ಕೀಮೋ ಕೊಡಬೇಕು.

“ಅಷ್ಟು ಮಾಡಿದ್ರೆ ವಾಸಿ ಆಗುತ್ತಾ?” ಎಂದರು ಅತ್ತೆ.

“ಪೂರ್ತಿ ಆಗಲ್ಲಮ್ಮ. ಕೀಮೋ ಇಲ್ದಿದ್ರೆ ಕೆಲವು ತಿಂಗಳು. ಕೊಟ್ರೆ ಒಂದು ವರ್ಷ, ಅದೃಷ್ಟ ಚೆನ್ನಾಗಿದ್ರೆ ಇನ್ನೂ ಸ್ವಲ್ಪ.”

ಯಾರ ಚೌಕಾಸಿಗೂ ಜಗ್ಗದ ನಮ್ಮತ್ತೆ ಅಲ್ಲಿ ಚೌಕಾಸಿ ಮಾಡಿದರು. “ಎರಡು ವರ್ಷ ಮಾಡಿ ಡಾಕ್ಟ್ರಮ್ಮ.”

“ನನ್ನ ಕೈಲಿದ್ದಿದ್ರೆ ಮಾಡ್ತಿದ್ದೆ,” ಎಂದಳು ಆಕೆ, ನಗದೆ.

ಆಪರೇಷನ್ ಆಗಿ ಧಣಿ ಮನೆಗೆ ಬಂದ. ಭುಜದಿಂದ ಕೆಳಗೆ ಬೋಳು, ಉದ್ದನೆಯ ಹೊಲಿಗೆ, ಅದನ್ನು ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಬುಟ್ಟಿ. ಬೀದಿಯೆಲ್ಲ ಬಂದು ನೋಡಿತು. ಇಸ್ತ್ರಿಯವನು ಗಂಟಲು ಸರಿಮಾಡಿಕೊಂಡ.

“ಒಂದರಲ್ಲಿ ಕಾಲು ಕಳೆದ್ರೆ ಎಷ್ಟಕ್ಕಾ?”

“ಮುಕ್ಕಾಲು,” ಎಂದರು ಅತ್ತೆ. ಲೆಕ್ಕ ಕೇಳಿದರೆ ಅವರ ಬಾಯಿ ತಾನಾಗಿ ಉತ್ತರ ಕೊಡುತ್ತದೆ.

“ಹಾಗಾದ್ರೆ ಇನ್ಮೇಲೆ ಇವ್ನು ಮುಕ್ಕಾಲು ಧಣಿ.”

ಅತ್ತೆ ಅರ್ಧ ಕೇಜಿಯ ಕಲ್ಲು ಕೈಗೆತ್ತಿಕೊಂಡರು. ಇಸ್ತ್ರಿಯವನು ತನ್ನ ಎರಡೂ ಕಾಲಿಗೆ ಬುದ್ಧಿ ಹೇಳಲು ಸಿದ್ಧನಾದ. ಆದರೆ ಕಲ್ಲು ಹಿಡಿದೇ ಅತ್ತೆ ಒಂದು ಗಳಿಗೆ ಯೋಚಿಸಿದರು. ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. ಲೆಕ್ಕ ಸರಿಯಿದ್ದರೆ ಅವರು ಜಗಳ ಬೆಳೆಸುವುದಿಲ್ಲ. ಹೆಸರು ಉಳಿಯಿತು.

ಮುಕ್ಕಾಲು ಧಣಿ ನಡೆಯುವುದನ್ನು ನಮಗಿಂತ ಬೇಗ ಕಲಿತ. ಅಂಗಡಿಯ ನೆಲ ಜಾರುತ್ತದೆಂದು ಅತ್ತೆ ಬಾಗಿಲಿನಿಂದ ಮೆಟ್ಟಿಲವರೆಗೆ ಗೋಣಿಚೀಲ ಹಾಸಿದರು. ಅದರ ಮೇಲೆ ಅವನು ಕುಪ್ಪಳಿಸಿಕೊಂಡು ಓಡಾಡುತ್ತಿದ್ದ, ಎಡವಿ ಬೀಳುತ್ತಿದ್ದವರು ಗಿರಾಕಿಗಳು. ಅವನಿಗೆ ಕಷ್ಟವಾದದ್ದು ಒಂದೇ ಕೆಲಸ. ಕಂಬ ಕಂಡರೆ ಹಳೆಯ ಅಭ್ಯಾಸದಂತೆ ಹಿಂಗಾಲು ಎತ್ತುತ್ತಿದ್ದ, ಮರುಕ್ಷಣ ಮಗುಚಿಕೊಳ್ಳುತ್ತಿದ್ದ. ಕೊನೆಗೆ ಇಸ್ತ್ರಿಯವನ ಬಾಗಿಲ ಪಕ್ಕದ ಗೋಡೆಗೆ ಭುಜ ಆನಿಸಿ ನಿಂತರೆ ಕೆಲಸ ಸಲೀಸು ಎಂದು ಕಂಡುಕೊಂಡ. ಹೆಸರಿಟ್ಟದ್ದಕ್ಕೆ ಇಸ್ತ್ರಿಯವನಿಗೆ ದಿನಕ್ಕೆರಡು ಸಲ ಮರ್ಯಾದೆ ಸಲ್ಲುತ್ತಿತ್ತು.

ಕೀಮೋ ಶುರುವಾಯಿತು. ಔಷಧಿ ಹೋದ ಮೇಲೆ ಕೆಲವು ದಿನ ಅವನ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿದ್ದಳು. ಆ ದಿನಗಳಲ್ಲಿ ಅತ್ತೆ ಅವನನ್ನು ಮಹಡಿಯ ಮನೆಯಲ್ಲೇ ಇಟ್ಟುಕೊಂಡು, ಕೈಗೆ ಗ್ಲೌಸ್ ಹಾಕಿ ನೆಲ ತೊಳೆಯುತ್ತಿದ್ದರು. ಒಮ್ಮೆ ಗ್ಲೌಸ್ ಬಿಚ್ಚುತ್ತಲೇ ಕೆಳಗೆ ಬಂದದ್ದನ್ನು ನೋಡಿದ ಗಿರಾಕಿಯೊಬ್ಬರು, ತರಕಾರಿಗೆ ಏನಾದರೂ ಹೊಡೆದಿದ್ದೀರಾ ಎಂದು ಕೇಳಿ ತಕ್ಕ ಉತ್ತರ ಪಡೆದರು.

ಮೊದಲೆರಡು ಸಲ ಏನೂ ತೊಂದರೆಯಾಗಲಿಲ್ಲ. ಮೂರನೆಯದರ ನಂತರ ಅವನಿಗೆ ಊಟ ಬೇಡವಾಯಿತು. ಅತ್ತೆ ಕೋಳಿ ಬೇಯಿಸಿದರು, ಮೊಟ್ಟೆ ಬೇಯಿಸಿದರು, ತಟ್ಟೆಯನ್ನು ತಿನ್ನುವ ಮೊದಲೊಮ್ಮೆ ತಿಂದ ಮೇಲೊಮ್ಮೆ ತೂಗಿದರು. “ಇದೊಂದು ತುತ್ತು ತಿನ್ನು, ಆ ಇಸ್ತ್ರಿಯವನನ್ನ ಕಚ್ಚೋಕೆ ಬಿಡ್ತೀನಿ,” ಎಂದು ಆಸೆ ತೋರಿಸಿದರು. ಧಣಿ ಮುಖ ತಿರುಗಿಸಿದ. ಡಾಕ್ಟರಮ್ಮ ತೂಗಿ ನೋಡಿ ಎಚ್ಚರಿಸಿದಳು: ಮುಂದಿನ ಸಲದ ಹೊತ್ತಿಗೆ ಇಪ್ಪತ್ಮೂರು ಕೇಜಿಗಿಂತ ಕೆಳಗಿಳಿದರೆ ಔಷಧಿ ಕೊಡುವುದಿಲ್ಲ, ಮೈ ಸುಧಾರಿಸಲು ಒಂದು ವಾರ ಕಾಯಬೇಕು.

“ಒಂದು ವಾರ ಅಂಗಡಿ ಬಾಗಿಲು ತೆಗೆದಿಟ್ರೆ ಇಲಿ ಸುಮ್ನಿರುತ್ತೇನೇ?” ಎಂದು ಅತ್ತೆ ದಾರಿಯುದ್ದಕ್ಕೂ ನನ್ನನ್ನು ಕೇಳಿದರು. ಕಾಯುವ ಒಂದು ವಾರದಲ್ಲೇ ಕಾಯಿಲೆ ಅವನನ್ನು ಮುಗಿಸಿಬಿಡುತ್ತದೆ ಎಂಬ ಭಯ ಅವರ ತಲೆ ಹೊಕ್ಕಿತ್ತು. ಹೊಕ್ಕಿದ್ದನ್ನು ಹೊರಗೆ ಹಾಕುವುದು ನಮ್ಮಿಂದಾಗುವ ಕೆಲಸವಲ್ಲ.

ನಾಲ್ಕನೆಯ ಸಲ ಹೋದಾಗ ಅವರು ಆ ಮೋಸ ಮಾಡಿದರು. ಆಸ್ಪತ್ರೆಯ ತೂಕದ ಯಂತ್ರವೆಂದರೆ ನೆಲಕ್ಕಿಟ್ಟ ಅಗಲವಾದ ಹಲಗೆ, ಗೋಡೆಯ ಮೇಲೆ ಅಂಕಿ. ನಾನು ಧಣಿಯ ಬೆನ್ನು ಹಿಡಿದು ಅಂಕಿ ನೋಡುತ್ತಿದ್ದೆ. ಅತ್ತೆ ಅವನ ಮುಖದ ಬಳಿ ನಿಂತು, ಚಪ್ಪಲಿಯಿಂದ ಮೆಲ್ಲಗೆ ಪಾದ ಹೊರತೆಗೆದು, ಹಲಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ್ದು ನನಗೆ ತಿಳಿದದ್ದು ಆಮೇಲೆ. ಅಂಕಿ ಇಪ್ಪತ್ನಾಲ್ಕೂವರೆ ತೋರಿಸಿತು. “ಪರವಾಗಿಲ್ವೇ, ಏರಿದೆ,” ಎಂದು ಡಾಕ್ಟರಮ್ಮ ಖುಷಿಯಿಂದ ಔಷಧಿಯ ಅಳತೆ ಹಾಕಿದಳು. ನನಗೂ ಖುಷಿಯಾಯಿತು. ನಾನು ಗೇರ್ ಬದಲಿಸಿದಾಗಲೆಲ್ಲ ಬೈಯುವ ಅತ್ತೆ ಬರುವಾಗ ಒಮ್ಮೆಯೂ ಬೈಯದ್ದು ನೋಡಿ, ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಧಣಿ ಮೇಲೇಳದಂತಾದ. ವಾಂತಿ, ಕೆಂಡದಂಥ ಜ್ವರ. ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಹಾಗೇ ಬಿಟ್ಟು ಅತ್ತೆ ಅವನನ್ನು ಹೊತ್ತು ತಂದು ಕಾರಿನಲ್ಲಿ ಮಲಗಿಸಿದರು.

ಡಾಕ್ಟರಮ್ಮ ರಕ್ತ ನೋಡಿದಳು, ಯಂತ್ರದ ಮೇಲೆ ಮಲಗಿಸಿ ತೂಗಿದಳು. ಇಪ್ಪತ್ತೂವರೆ. ಅವಳ ಮುಖ ಬಾಡಿತು. ಸ್ಟೂಲು ಎಳೆದುಕೊಂಡು ಅತ್ತೆಯ ಎದುರಿಗೆ ಕುಳಿತಳು.

“ಅಮ್ಮಾ, ಬಿಳಿ ರಕ್ತಕಣ ಇಳಿದಿವೆ. ಅದು ಔಷಧಿಯಿಂದ ಆಗೋದು, ಅದಕ್ಕೆ ದಾರಿ ಇದೆ. ಆದ್ರೆ ಒಂದೇ ವಾರದಲ್ಲಿ ನಾಲ್ಕು ಕೇಜಿ ಇಳಿಯೋದು ಔಷಧಿಯಿಂದ ಅಲ್ಲ. ಕಾಯಿಲೆ ಒಳಗೆಲ್ಲ ಹರಡಿರಬೇಕು. ಸ್ಕ್ಯಾನಿಗೆ ದೂರ ಹೋಗಬೇಕು, ಅಷ್ಟು ತಡೆಯೋ ಶಕ್ತಿ ಇವನಿಗಿಲ್ಲ. ಸುಮ್ನೆ ಎಳೆದಾಡೋದು ಬೇಡ ಅನ್ಸುತ್ತೆ. ನೋವಿಲ್ಲದ ಹಾಗೆ ಕಳಿಸಿಕೊಡಬಹುದು. ಕೂತು ಯೋಚನೆ ಮಾಡಿ.”

ಅತ್ತೆ ಧಣಿಯ ಬಿದ್ದ ಕಿವಿಯನ್ನು ಹಿಡಿದುಕೊಂಡು ಯಂತ್ರವನ್ನೇ ನೋಡುತ್ತಿದ್ದರು.

“ನಿಮ್ಮ ಮಷಿನ್ ಕೆಟ್ಟಿದೆ,” ಎಂದರು.

ಡಾಕ್ಟರಮ್ಮ ಬೇಸರಿಸಿಕೊಳ್ಳಲಿಲ್ಲ. ಕಂಪೌಂಡರ್ ಐದು ಕೇಜಿಯ ನಾಯಿ ತಿಂಡಿಯ ಚೀಲ ತಂದು ಹಲಗೆಯ ಮೇಲಿಟ್ಟ. ಅಂಕಿ ಐದು ತೋರಿಸಿತು. ತೂಕ ಸರಿಯಾಗಿ ಬಂದದ್ದಕ್ಕೆ ನಮ್ಮತ್ತೆಯ ಮುಖ ಕಪ್ಪಿಟ್ಟದ್ದು ಬಹುಶಃ ಅದೊಂದೇ ಸಲ.

“ಅವತ್ತಿನ ತೂಕದಲ್ಲಿ ಎರಡೂವರೆ ಕೇಜಿ ನಂದು,” ಎಂದರು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

“ನಾನು ಕಾಲಿಟ್ಟು ಒತ್ತಿದ್ದೆ. ಔಷಧಿ ತಪ್ಪಿಹೋಗುತ್ತೆ ಅಂತ ಮೋಸ ಮಾಡಿದೆ. ಅವತ್ತು ಅವನು ಇದ್ದದ್ದು ಇಪ್ಪತ್ತೆರಡೇ.”

ಡಾಕ್ಟರಮ್ಮ ತಟ್ಟನೆ ಎದ್ದಳು. “ಎರಡೂವರೆ ಅನ್ನೋದು ಖಚಿತಾನಾ? ಇಲ್ಲಾ ಅಂದಾಜಾ?”

ಅಷ್ಟು ಸಂಕಟದಲ್ಲೂ ಅತ್ತೆಗೆ ಆ ಮಾತು ಚುಚ್ಚಿತು. “ನನಗೆ ಅಂದಾಜು ಮಾಡಿ ಗೊತ್ತಿಲ್ಲ ಡಾಕ್ಟ್ರಮ್ಮ. ಒಂದು ತಟ್ಟೇಲಿ ಎರಡೂವರೆ ಕೇಜಿ ಕಲ್ಲಿಟ್ಟು, ಇನ್ನೊಂದನ್ನ ಕಾಲಲ್ಲಿ ಒತ್ತಿ, ಮುಳ್ಳು ನೆಟ್ಟಗೆ ನಿಲ್ಲೋ ತನಕ ಅಭ್ಯಾಸ ಮಾಡಿದ್ದೆ.”

ಅಂಗಡಿಗೆ ಅರ್ಧ ಬಾಗಿಲು ಹಾಕಿಕೊಂಡು ಅಕ್ಕ ಒಂಟಿಕಾಲಲ್ಲಿ ಏನೋ ಮಾಡ್ತಿದ್ರು ಎಂದು ಇಸ್ತ್ರಿಯವನು ಹೇಳಿದ್ದು ನನಗೆ ಆಗ ನೆನಪಾಯಿತು. ಅವನ ಮಾತು ಯಾರು ನಂಬುತ್ತಾರೆ ಎಂದು ನಕ್ಕುಬಿಟ್ಟಿದ್ದೆ.

“ಹಾಗಾದ್ರೆ ಇಳಿದಿರೋದು ಒಂದೂವರೆ,” ಎಂದು ಡಾಕ್ಟರಮ್ಮ ತನಗೆ ತಾನೇ ಹೇಳಿಕೊಂಡಳು. “ಜ್ವರ, ವಾಂತಿ, ಊಟ ಇಲ್ಲ. ಅದಕ್ಕೆ ಸರಿಹೋಗುತ್ತೆ. ಕಾಯಿಲೆ ಹರಡಿದೆ ಅನ್ನೋಕೆ ಕಾರಣ ಇಲ್ಲ.” ಆಮೇಲೆ ಅತ್ತೆಯ ಕಡೆ ತಿರುಗಿದಳು. ಮೆಲುಮಾತು ಮಾಯವಾಗಿತ್ತು. “ತೂಕ ನೋಡಿ ಔಷಧಿ ಅಳೆಯೋದಮ್ಮ. ಸೋತಿರೋ ಮೈಗೆ ಕಾಯದೇ ಕೊಟ್ಟಿದ್ದಲ್ದೆ, ಹೆಚ್ಚೂ ಕೊಟ್ಟೆ. ಈಗ ನೀವು ಬಾಯಿ ಬಿಡದೇ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ?”

ಅತ್ತೆಗೆ ಗೊತ್ತಿತ್ತು. ಅವರು ಅತ್ತರು. ನಮ್ಮತ್ತೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರ ಮೇಲೆ ಕೆಟ್ಟ ಕೋಪ ಬಂದಿತ್ತು, ಜೊತೆಗೆ ಪಾಪವೂ ಅನ್ನಿಸಿತು. ಎರಡನ್ನೂ ಏನು ಮಾಡಬೇಕೋ ತಿಳಿಯದೆ ನೀರಿನ ಬಾಟಲಿ ಕೈಗೆ ಕೊಟ್ಟೆ.

ಧಣಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟರು. ಅಂಗಡಿ ಮುಚ್ಚಿತ್ತು. ಅತ್ತೆ ಬೆಂಚಿನ ಮೇಲೆ ಕುಳಿತೇ ಇದ್ದರು. ಜ್ವರ ಬಿಟ್ಟ ದಿನ ಅವನು ಮೊದಲ ತುತ್ತು ತಿಂದದ್ದು ಡಾಕ್ಟರಮ್ಮನ ಕೈಯಿಂದ. ಅತ್ತೆ ದೇವರು ದೊಡ್ಡವನು ಎಂದರು, ಆಮೇಲೆ ನನ್ನ ಕಿವಿಯಲ್ಲಿ, “ನನ್ನ ಕೈ ಅನ್ನಕ್ಕೆ ಮುಖ ತಿರುಗಿಸ್ತಿದ್ದ, ನೋಡು ಬುದ್ಧಿ,” ಎಂದರು.

ಮುಂದಿನ ಕೀಮೋಗೆ ಹೋದಾಗ ಡಾಕ್ಟರಮ್ಮ ಮೊದಲು ಮಾಡಿದ್ದು ಅತ್ತೆಯನ್ನು ದೂರ ನಿಲ್ಲಿಸಿದ್ದು.

“ಅಮ್ಮ, ನೀವು ಆ ಗೋಡೆ ಹತ್ರ.”

ಅತ್ತೆ ತಲೆ ತಗ್ಗಿಸಿ ಹೋದರು. ಧಣಿ ಹಲಗೆಯಿಂದ ಕುಪ್ಪಳಿಸಿ ಇಳಿದು ಅವರ ಹಿಂದೆಯೇ ಹೋದ. ಎಷ್ಟು ಸಲ ತಂದು ನಿಲ್ಲಿಸಿದರೂ ಅಷ್ಟೇ. ಕೊನೆಗೆ ಡಾಕ್ಟರಮ್ಮ ಸೋತು, “ಎತ್ಕೊಂಡು ನೀವೇ ನಿಂತ್ಕೊಳ್ಳಿ. ಆಮೇಲೆ ನೀವೊಬ್ರೇ ನಿಲ್ಲಿ. ಕಳೆದ್ರೆ ಆಯ್ತು,” ಎಂದಳು. ಆಲೂಗಡ್ಡೆ ಮೂಟೆ ಎತ್ತಿದ ಮೈ, ಅತ್ತೆ ಅವನನ್ನು ಸಲೀಸಾಗಿ ಎತ್ತಿದರು. ಒಬ್ಬರೇ ನಿಲ್ಲುವ ಸರದಿ ಬಂದಾಗ ನನಗೆ ಆ ಕಡೆ ತಿರುಗು ಎಂದರು. ತಿರುಗಿದೆ. ಎದುರಿಗೆ ಕಿಟಕಿಯ ಗಾಜಿತ್ತು, ಅಂಕಿ ಕಂಡಿತು, ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ.

ಧಣಿಯ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ.

“ಅರ್ಧ ಕೇಜಿ ಕಡಿಮೆ,” ಎಂದಳು ಡಾಕ್ಟರಮ್ಮ. “ರಕ್ತ ಚೆನ್ನಾಗಿದೆ. ನಿಮಗೆ ಕಾಯೋದು ಕಷ್ಟ ಅಂತಾನೂ ಗೊತ್ತು. ಸ್ವಲ್ಪ ಕಡಿಮೆ ಅಳತೇಲಿ ಇವತ್ತೇ ಕೊಟ್ಬಿಡೋಣ್ವಾ?”

ಧಣಿ ಅವರ ಕಾಲಿಗೆ ಒರಗಿ ನಿಂತಿದ್ದ. ಅತ್ತೆ ಬಗ್ಗಿ ಮತ್ತೆ ಅವನನ್ನು ಎತ್ತಿಕೊಂಡರು.

“ಬೇಡ ಡಾಕ್ಟ್ರಮ್ಮ. ಎಷ್ಟಿದೆಯೋ ಅಷ್ಟೇ ಬರ್ಕೊಳ್ಳಿ. ಕಾಯ್ತೀನಿ.”

ಹೊರಗೆ ಬಂದೆವು. ಕಾರು ದೂರದಲ್ಲಿತ್ತು, ಬಿಸಿಲಿತ್ತು, ಅವರಿಗೆ ಏದುಸಿರು ಬರುತ್ತಿತ್ತು.

“ಕೆಳಗಿಳಿಸಿ ಅತ್ತೆ. ಅವನೇ ನಡೀತಾನೆ.”

“ಗೊತ್ತು ಕಣೇ,” ಎಂದರು. ಕಾರಿನವರೆಗೂ ಇಳಿಸಲಿಲ್ಲ.