ಓದದೆ ಬಿಟ್ಟ ಸಾಲು

ಕರಗಿದ ಮೇಣದ ವಾಸನೆ ಮೂಗಿಗೆ ಬಡಿದ ಕೂಡಲೇ ಹಿಂದೆ ಎದುರುಮನೆಯಲ್ಲಿದ್ದ ಯಜಮಾನರು ನೆನಪಾದರು. ಮಣಿಕಟ್ಟು ಮುರಿದುಕೊಂಡು, ಆಪರೇಷನ್ ಆಗಿ, ಈಗ ಜಯಲಕ್ಷ್ಮಿಪುರಂನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಮರಗಟ್ಟಿದ ಬೆರಳುಗಳನ್ನು ಅಲ್ಲಿ ಬೆಚ್ಚಗಿನ ಮೇಣದಲ್ಲಿ ಅದ್ದಿ ಸಡಿಲಿಸುತ್ತಾರೆ. ಸಂಜೆ ಚಿಕಿತ್ಸೆ ಮುಗಿಸಿ ಮನೆಗೆ ಬರುವಾಗ ಅವರ ಬಲಗೈಗೂ ಇದೇ ವಾಸನೆ ಇರುತ್ತಿತ್ತು...

ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಅವರ ಕೈ ಮಷೀನಿಗೆ ಸಿಕ್ಕಿತ್ತು. ಆಪರೇಷನ್ನಿನ ಖರ್ಚನ್ನೂ ಆಮೇಲಿನ ಫಿಸಿಯೋಥೆರಪಿಯ ಖರ್ಚನ್ನೂ ವಿಮಾ ಕಂಪನಿ ಕೊಡುತ್ತಿತ್ತು. ಮಡಚಿಕೊಂಡಿದ್ದ ಬೆರಳುಗಳಲ್ಲಿ ಎರಡು ಬಿಚ್ಚಿಕೊಂಡಿದ್ದವು. ಇನ್ನಾರು ತಿಂಗಳು ಬಿಡದೆ ಬಂದರೆ ಮತ್ತೆ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಂತೆ.

ಅದೇ ಹೊತ್ತಿಗೆ ಮಗಳಿಗೆ ಗಂಡು ನೋಡುತ್ತಿದ್ದರು. "ಯಾರಾದ್ರೂ ಬಂದು ನಮ್ ಬಗ್ಗೆ ವಿಚಾರಿಸ್ತಾರೆ ಮೇಡಂ. ಒಂದೊಳ್ಳೆ ಮಾತು ಹೇಳ್ಬುಡಿ," ಎಂದಿದ್ದರು. ರಿಟೈರಾದ ಟೀಚರಮ್ಮನ ಮಾತಿಗೆ ನಮ್ಮ ಬೀದಿಯಲ್ಲಿ ತೂಕವಿತ್ತು. ನನಗೂ ಅದರ ಜಂಬ ಕಡಿಮೆಯೇನಿರಲಿಲ್ಲ.

ಒಂದು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಗೇಟಿನ ಬಳಿ ನಿಂತು, "ಎದುರುಮನೆಯವರು ಹೇಗಿದ್ದಾರಮ್ಮ? ಕೈಗೆ ಪೆಟ್ಟಾಗಿತ್ತಂತಲ್ಲ?" ಎಂದು ಕೇಳಿದ. ಗಂಡಿನ ಕಡೆಯವನೇ ಇರಬೇಕೆಂದು ಒಳಗೆ ಕರೆದು ಕಾಫಿ ಕೊಟ್ಟೆ. ಯಾರು, ಎತ್ತ ಎಂದು ಕೇಳಲೂ ಇಲ್ಲ.

"ಅದು ಯಾವಾಗ್ಲೋ ವಾಸಿಯಾಯ್ತು ಕಣಪ್ಪ. ನೀರಿನ ಕ್ಯಾನ್ ಅದೇ ಕೈಲಿ ಎತ್ಕೊಂಡ್ ಬರ್ತಾರೆ."

ಕ್ಯಾನು ಹೊರುತ್ತಿದ್ದವಳು ಮಗಳು. ಅವನು ಡೈರಿ ತೆಗೆದು ಬರೆದುಕೊಂಡಾಗಲೂ ನನಗೇನೂ ಹೊಳೆಯಲಿಲ್ಲ. ನಿಜವಾದ ಗಂಡಿನ ಕಡೆಯವರು ಬಂದದ್ದು ಮುಂದಿನ ವಾರ. ಅವರು ನನ್ನನ್ನು ಒಂದು ಮಾತೂ ಕೇಳದೆ ಹೋದರು.

ಹದಿನೈದು ದಿನವಾಗಿರಬಹುದು... ಇಂಗ್ಲಿಷಿನ ಕಾಗದವೊಂದನ್ನು ಹಿಡಿದು ಅವರು ಬಂದರು, ಓದಿ ಹೇಳಿ ಎಂದು. ಕೈ ಪೂರ್ತಿ ವಾಸಿಯಾಗಿದೆ, ಇನ್ನು ಮುಂದೆ ಚಿಕಿತ್ಸೆಯ ಖರ್ಚು ಕೊಡಲಾಗುವುದಿಲ್ಲ ಎಂದು ವಿಮಾ ಕಂಪನಿ ಬರೆದಿತ್ತು. ಅಷ್ಟನ್ನು ಓದಿ ಹೇಳಿದೆ. ಅದರ ಕೆಳಗೆ, ಅವರು ನೀರಿನ ಕ್ಯಾನು ಎತ್ತುವುದನ್ನು ಎದುರುಮನೆಯ ನಿವೃತ್ತ ಶಿಕ್ಷಕಿ ತಿಳಿಸಿದ್ದಾರೆ ಎಂಬ ಸಾಲಿತ್ತು. ಅದನ್ನು ಓದಲಿಲ್ಲ.

"ವಾಸಿಯಾಯ್ತು ಅಂತ ಯಾರ್ ಹೇಳಿರ್ಬೋದು ಮೇಡಂ?"

"ಗೊತ್ತಿಲ್ಲ ಕಣ್ರೀ," ಎಂದೆ.

ಅವರ ಪರವಾಗಿ ಕಂಪನಿಗೆ ಮನವಿ ಬರೆದವಳೂ ನಾನೇ. ಚೆಂದದ ಇಂಗ್ಲಿಷು, ಎರಡು ಪುಟ. ನಾನು ಹೇಳಿದ್ದು ಸುಳ್ಳು ಎಂಬ ಒಂದು ವಾಕ್ಯ ಸಾಕಾಗುತ್ತಿತ್ತು. ಅದನ್ನು ಬರೆಯಲು ನಾಚಿಕೆಯಾಯಿತು. ಮನವಿ ತಿರಸ್ಕೃತವಾಯಿತು, ಚಿಕಿತ್ಸೆ ನಿಂತಿತು, ಬಿಚ್ಚಿದ್ದ ಎರಡು ಬೆರಳೂ ಮತ್ತೆ ಮಡಚಿಕೊಂಡವು. ಫ್ಯಾಕ್ಟರಿಯ ಕೆಲಸವೂ ಹೋಯಿತು. ಬಾಡಿಗೆ ಮನೆ ಬಿಟ್ಟು ಊರಾಚೆಯ ಮಂಡಕಳ್ಳಿಗೆ ಹೊರಟ ದಿನ ಹೇಳಿಹೋಗಲು ಬಂದರು.

"ನಿಮ್ಮಷ್ಟು ಯಾರೂ ಮಾಡ್ಲಿಲ್ಲ ನಮ್ಗೆ," ಎಂದು ಕೈ ಮುಗಿದರು. ಎಡಗೈ ನೆಟ್ಟಗಿತ್ತು. ಬಲಗೈ ಮುಷ್ಟಿಯಾಗಿಯೇ ಇತ್ತು...

ಹೋದ ವರ್ಷ ಅವರು ತೀರಿಕೊಂಡರಂತೆ. ಮಗಳ ಮುಖ ನೋಡುವ ಧೈರ್ಯವಿಲ್ಲದೆ ನಾನು ಹೋಗಲಿಲ್ಲ.

ಇವತ್ತು ಕ್ಲಿನಿಕ್ಕಿನ ಹುಡುಗಿ ನನ್ನ ಕೈಮೇಲಿನ ಮೇಣ ಸುಲಿದು, "ಬೆರಳು ಬಿಡ್ಸಿ ಆಂಟಿ," ಎಂದಳು. ಐದೂ ಬಿಚ್ಚಿಕೊಂಡವು. ನನ್ನ ಖರ್ಚನ್ನೂ ವಿಮೆಯೇ ಕೊಡುತ್ತಿದೆ. ನನ್ನ ಕೈ ಹೇಗಿದೆ ಎಂದು ಎದುರುಮನೆಗೆ ಹೋಗಿ ಯಾರೂ ವಿಚಾರಿಸಿಲ್ಲ.