ಹಾಲೇಶಣ್ಣನ ಲೈಸೆನ್ಸು

ಹಾಲೇಶಣ್ಣ ಬ್ರೇಕ್ ಹಾಕಿದರೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರು ಏಳುತ್ತಿರಲಿಲ್ಲ. ನಾನು ಹಾಕಿದರೆ ಏಳುತ್ತಿದ್ದರು, ಎದ್ದು ಬೈಯುತ್ತಿದ್ದರು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ 'ಇಷ್ಟೇ' ಅನ್ನುವುದು ಹನ್ನೊಂದು ವರ್ಷ ನನ್ನ ಹೊಟ್ಟೆ ಉರಿಸಿತು.

ಹರಿಹರದ ಪಕ್ಕ, ಗುತ್ತೂರಿನ ಹತ್ತಿರದ ಒಂದು ಬಟ್ಟೆ ಕಾರ್ಖಾನೆಗೆ ದಾವಣಗೆರೆಯಿಂದ ಕೆಲಸಗಾರರನ್ನು ಕರೆದೊಯ್ಯುವ ಎರಡು ಬಸ್ಸುಗಳಿದ್ದವು. ಒಂದು ಅವನದು, ಒಂದು ನನ್ನದು. ಬಹುಪಾಲು ಹೆಣ್ಣುಮಕ್ಕಳೇ. ಹೊರಡುವ ಮುಂಚೆ ಹಾಲೇಶಣ್ಣ ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, "ಎಲ್ರೂ ಕುಂತ್ರೇನವ್ವಾ?" ಎಂದು ಕೇಳುತ್ತಿದ್ದ. ಒಬ್ಬಳು ನಿಂತಿದ್ದರೂ ಗೇರ್ ಹಾಕುತ್ತಿರಲಿಲ್ಲ. ಕುಳ್ಳ ಆಳು, ದಪ್ಪ ಕುತ್ತಿಗೆ, ಕಾಲರಿಗೆ ಯಾವಾಗಲೂ ಮಡಚಿದ ಕರವಸ್ತ್ರ. "ಗಾಡಿ ಓಡ್ಸೋದು ಕಾಲಿನ ಕೆಲಸ ಅಲ್ಲೋ ನಾಗ್ರಾಜ, ಕಿವಿ ಕೆಲಸ" ಎಂದು ನನಗೆ ಪಾಠ ಹೇಳುತ್ತಿದ್ದ. ನಾನು ತಲೆಯಾಡಿಸುತ್ತ ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ನನ್ನ ಹೆಂಡತಿ ಶೈಲಾ ಅದೇ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿದ್ದಳು. ನನ್ನ ಬಸ್ಸು ನಮ್ಮ ಮನೆಯ ತಿರುವಿನಲ್ಲೇ ಹಾದುಹೋಗುತ್ತಿತ್ತು. ಅವಳು ಮಾತ್ರ ಪಿ.ಜೆ. ಬಡಾವಣೆಯವರೆಗೆ ನಡೆದು ಹೋಗಿ ಹಾಲೇಶಣ್ಣನ ಬಸ್ಸು ಹತ್ತುತ್ತಿದ್ದಳು. ಕೇಳಿದರೆ, "ನಿಮ್ ಬಸ್ಸಿನ್ಯಾಗೆ ಕುಂತ್ರೆ ಸೊಂಟ ಹಿಡೀತೈತೆ ಕಣ್ರಿ" ಅನ್ನುತ್ತಿದ್ದಳು. ಇದನ್ನು ಅವಳು ನಗುತ್ತ ಹೇಳುತ್ತಿದ್ದಳು. ನಾನು ಮಾತ್ರ ನಗುತ್ತಿರಲಿಲ್ಲ.

ಅವನಲ್ಲಿ ಒಂದು ದೋಷ ಹುಡುಕಬೇಕೆಂದು ವರ್ಷಗಟ್ಟಲೆ ಕಾದೆ. ಸಿಕ್ಕಿದ್ದು ಒಂದೇ: ತನ್ನ ಕೈಯ ಮೇಲೆ ಅವನಿಗಿದ್ದ ಅತಿ ನಂಬಿಕೆ.

ಒಂದು ಭಾನುವಾರ ಲೋಕಿಕೆರೆಯಲ್ಲಿ ಕಾರ್ಖಾನೆಯ ಗೆಳೆಯನೊಬ್ಬನ ಹೊಸ ಮನೆಯ ಗೃಹಪ್ರವೇಶ. ಊಟಕ್ಕೆ ಮುಂಚೆ ಗಂಡಸರು ಕೆಲವರು ಹೊಲದ ಪಂಪ್‌ಸೆಟ್ ಮನೆಯ ಹಿಂದೆ ಸೇರಿದೆವು. ಹಾಲೇಶಣ್ಣ ಬಸ್ ಓಡಿಸುವ ದಿನ ಹೆಂಡ ಮುಟ್ಟುತ್ತಿರಲಿಲ್ಲ; ರಜಾದಿನ ಎಂದರೆ ಬೇಡ ಅನ್ನುತ್ತಲೂ ಇರಲಿಲ್ಲ. ಅವನದು ಮೂರು ಗ್ಲಾಸಾಯಿತು, ನನ್ನದು ನಾಲ್ಕು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೊರಟಾಗ ಮನೆಯ ಯಜಮಾನ ತಡೆದ. "ಒಂದೀಟು ಮಲಗಿ ಹೋಗ್ರಿ. ಹಿಂಗೆ ಗಾಡಿ ಹತ್ತಬ್ಯಾಡ್ರಿ."

"ನನ್ನ ಕೈ ನಂಗೆ ಗೊತ್ತೈತೆ ಬಿಡ್ರಿ" ಎಂದ ಹಾಲೇಶಣ್ಣ.

ಅವನ ಬೈಕು ಮುಂದೆ, ನನ್ನದು ನೂರು ಹೆಜ್ಜೆ ಹಿಂದೆ. ದಾವಣಗೆರೆ ಊರೊಳಗೆ ಹೋಗುವಲ್ಲಿ ಪೊಲೀಸರು ಬ್ಯಾರಿಕೇಡ್ ಇಟ್ಟು ತಪಾಸಣೆ ನಡೆಸುತ್ತಿದ್ದರು. ಅವನನ್ನು ನಿಲ್ಲಿಸಿದ್ದು ಕಾಣುತ್ತಲೇ ನಾನು ಹ್ಯಾಂಡಲ್ ತಿರುಗಿಸಿ ಎಡಗಡೆಯ ಓಣಿಗೆ ನುಗ್ಗಿದೆ. ಗಾಡಿ ನಿಲ್ಲಿಸಿ, ಗೋಡೆಯ ಮರೆಯಿಂದ ಇಣುಕಿದೆ. ಯಂತ್ರ ಬಾಯಿಗೆ ಹಿಡಿದರು; ಹಾಲೇಶಣ್ಣ ಊದಿದ. ಇನ್ಸ್‌ಪೆಕ್ಟರು ಅಂಕಿ ನೋಡಿ ತಲೆಯಾಡಿಸಿ, ಬೈಕಿನ ಕೀ ತೆಗೆದುಕೊಂಡರು. ನನಗೆ ಆಗ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ಖುಷಿ. ಅವನು ಸಿಕ್ಕಿಬಿದ್ದಿದ್ದ, ನಾನು ಬಿದ್ದಿರಲಿಲ್ಲ. ಒಂದು ವಿಷಯದಲ್ಲಾದರೂ ನಾನು ಅವನಿಗಿಂತ ಮೇಲಾಗಿದ್ದೆ.

ಕೋರ್ಟಿನ ದಿನ ಕಾರ್ಖಾನೆಯ ಮ್ಯಾನೇಜರು ನನ್ನನ್ನೇ ಅವನ ಜೊತೆಗೆ ಕಳಿಸಿದರು. ಅವನಿಗಿಂತ ಮುಂಚೆ ನಾಲ್ಕೈದು ಮಂದಿಯನ್ನು ಕರೆದರು. ಒಬ್ಬ ಕೆಮ್ಮಿನ ಔಷಧಿ ಕುಡಿದಿದ್ದೆ ಅಂದ. ಇನ್ನೊಬ್ಬ, ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ ಅಂದ. ಹಾಲೇಶಣ್ಣನ ಸರದಿ ಬಂದಾಗ ನ್ಯಾಯಾಧೀಶೆ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು.

"ಕುಡಿದಿದ್ದೂ ಹೌದ್ರಿ, ಓಡಿಸಿದ್ದೂ ಹೌದ್ರಿ. ಎರಡೂ ನಾನೇ ಮಾಡಿದ್ದು."

"ಏನು ಕೆಲಸ ಮಾಡುತ್ತೀರಿ?"

"ಬಸ್ ಡ್ರೈವರ್ ಅದೀನ್ರಿ."

ಅದುವರೆಗೆ ಕಾಗದ ನೋಡುತ್ತಿದ್ದ ಆಕೆ ತಲೆಯೆತ್ತಿದರು. "ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಕೂರುತ್ತಾರೆ?"

"ಐವತ್ತೆರಡು ಮಂದಿ."

"ಅಷ್ಟೂ ಜನ ನಿಮ್ಮನ್ನು ನಂಬಿ ಕೂರುತ್ತಾರೆ, ಅಲ್ಲವೇ?"

ಆ ದಪ್ಪ ಕುತ್ತಿಗೆ ಬಗ್ಗಿದ್ದನ್ನು ನಾನು ಮೊದಲ ಸಲ ನೋಡಿದೆ.

ದಂಡ ಹಾಕಿದರು, ಜೊತೆಗೆ ಕೋರ್ಟು ಏಳುವವರೆಗೆ ಅಲ್ಲೇ ಕೂರುವ ಶಿಕ್ಷೆ. ಇನ್ನೊಮ್ಮೆ ಸಿಕ್ಕಿದರೆ ಎರಡು ವರ್ಷದವರೆಗೆ ಜೈಲಾಗಬಹುದೆಂದು ಎಚ್ಚರಿಸಿದರು. ಅವನು ಸಂಜೆಯವರೆಗೆ ಮೂಲೆಯ ಬೆಂಚಿನ ಮೇಲೆ ಕೈಕಟ್ಟಿ ಕೂತ. ಕಾನ್‌ಸ್ಟೇಬಲ್ ಒಬ್ಬ ತಾನಾಗಿಯೇ ಹೋಗಿ ನೀರು ತಂದುಕೊಟ್ಟ. ಪರಿಚಯವೇ ಇಲ್ಲದ ವಕೀಲರೊಬ್ಬರು ನನ್ನತ್ತ ಬಾಗಿ, "ಮನುಷ್ಯ ಅಂದ್ರೆ ಹಿಂಗಿರಬೇಕು ನೋಡ್ರಿ" ಅಂದರು. ಶಿಕ್ಷೆಯಾದ ದಿನವೂ ಮರ್ಯಾದೆ ಅವನಿಗೇ! ತಪ್ಪಿಸಿಕೊಂಡು ಬಂದ ನನ್ನ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ.

ಆರ್‌ಟಿಓ ಕಚೇರಿಯಿಂದ ಆರು ತಿಂಗಳು ಲೈಸೆನ್ಸು ಅಮಾನತು ಎಂಬ ಆದೇಶ ಬಂತು. ಅವನ ದಾರಿಯ ಬಸ್ಸು ನನಗೆ ಸಿಕ್ಕಿತು. ನನ್ನದಕ್ಕೆ ಹೊಸಬನೊಬ್ಬ ಬಂದ. ಹಾಲೇಶಣ್ಣನನ್ನು ಮ್ಯಾನೇಜರು ಕೆಲಸದಿಂದ ತೆಗೆಯಲಿಲ್ಲ. ದಾವಣಗೆರೆಯಲ್ಲಿ ಬಸ್ಸು ನಿಲ್ಲಿಸುವ ಶೆಡ್ಡಿನಲ್ಲಿ ಟೈರು, ಡೀಸೆಲ್ಲು ನೋಡಿಕೊಂಡು, ಆಮೇಲೆ ಕಾರ್ಖಾನೆಯ ಗೇಟಿನಲ್ಲಿ ಕೂರುವ ಕೆಲಸ. ಹೀಗಾಗಿ ಅವನು ದಿನಾ ನನ್ನ ಬಸ್ಸಿನಲ್ಲೇ ಪ್ರಯಾಣಿಕನಾದ. ನಾನು ಗೆದ್ದೆ ಅಂದುಕೊಂಡಿದ್ದೆ. ಆದರೆ ಬಸ್ಸು ಹತ್ತಿದವರೆಲ್ಲ "ಹಾಲೇಶಣ್ಣ, ಇಲ್ಲಿ ಬರ್ರಿ, ಕೂಡ್ರಿ" ಎಂದು ಅವನಿಗೆ ಜಾಗ ಬಿಡುತ್ತಿದ್ದರು. ಶೈಲಾ ಡಬ್ಬಿಯ ಮುಚ್ಚಳದಲ್ಲಿ ಅವನಿಗೆ ಅವಲಕ್ಕಿ ಹಾಕಿಕೊಡುವುದು ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ಅವನು ನನ್ನ ಡ್ರೈವಿಂಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು.

ಎರಡು ತಿಂಗಳ ನಂತರ ಅವನೇ ಮ್ಯಾನೇಜರಿಗೆ ಹೇಳಿ ಉಸಿರು ಪರೀಕ್ಷಿಸುವ ಯಂತ್ರವೊಂದನ್ನು ತರಿಸಿದ. ಬೆಳಿಗ್ಗೆ ಕೀ ಕೊಡುವ ಮುಂಚೆ ಡ್ರೈವರುಗಳು ಊದಬೇಕು. ಅಂಕಿ ಮೂವತ್ತು ದಾಟಿದರೆ ಬಸ್ಸು ಹತ್ತುವಂತಿಲ್ಲ. ಪುಸ್ತಕದಲ್ಲಿ ಬರೆದಿಡುವ ಕೆಲಸವೂ ಅವನದೇ.

ಅದೊಂದು ಬೆಳಿಗ್ಗೆ ನಾನು ಊದಿದೆ. ಹಿಂದಿನ ದಿನ ಭಾವಮೈದ ಬಂದಿದ್ದ. ರಾತ್ರಿ ಊಟಕ್ಕೆ ಮುಂಚೆ ಕುಡಿಯಲು ಕೂತವರು ಬೇಗ ಏಳಲಿಲ್ಲ. ಯಂತ್ರ ನಲವತ್ತೆರಡು ತೋರಿಸಿತು. ಈಗ ನನ್ನ ಜೊತೆಯಲ್ಲೇ ಶೆಡ್ಡಿಗೆ ಬರುತ್ತಿದ್ದ ಶೈಲಾ ಪಕ್ಕದಲ್ಲೇ ನಿಂತಿದ್ದಳು.

"ಅಣ್ಣಾ, ನಿನ್ನೆ ಕುಡಿದಿದ್ದು. ಮಲಗಿ ಎದ್ದು ಬಂದೀನಿ" ಅಂದೆ.

"ನೀನು ಮಲಗಿ ಎದ್ದೀಯ. ಅದು ಮಲಗೇ ಇಲ್ಲಲ್ಲೋ."

"ಒಂದಿನ ಬಿಟ್ಬಿಡು."

"ಆಗಾಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಸೇಡು ತೀರಿಸ್ಕೊಳ್ತೀಯೇನು? ಆವತ್ತು ನಾನು ಓಣಿಗೆ ತಿರುಗಿಸ್ಕೊಂಡು ತಪ್ಪಿಸ್ಕೊಂಡೆ ಅಂತಾನಾ?" ಎಂದು ಕೂಗಿಬಿಟ್ಟೆ. ಶೈಲಾ ತಿರುಗಿ ನನ್ನ ಮುಖ ನೋಡಿದಳು. ಅವಳಿಗೆ ಆ ದಿನದ ಸಂಗತಿ ಗೊತ್ತಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಲೇಶಣ್ಣ ಮಾತ್ರ ಶಾಂತವಾಗಿದ್ದ. "ನೀನು ತಿರುಗಿಸಿದ್ದು ಕಂಡಿದ್ದೆ. ಛಲೋ ಆತು ಅಂದ್ಕೊಂಡೆ. ಇಬ್ರೂ ಸಿಕ್ಬಿದ್ದಿದ್ರೆ ಆ ಹೆಣ್ಮಕ್ಕಳನ್ನ ಕರ್ಕೊಂಡು ಹೋಗೋರು ಯಾರು ಹೇಳು?"

ಅವನು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೀ ಜೇಬಿಗೆ ಹಾಕಿಕೊಂಡು, ಹೊಸ ಡ್ರೈವರಿಗೆ ಎರಡು ಸಲ ಓಡಾಡಲು ಹೇಳಿ, ಪುಸ್ತಕದಲ್ಲಿ ನನ್ನ ಹೆಸರನ್ನು ದುಂಡಗೆ ಬರೆದ. ಮ್ಯಾನೇಜರು ನನ್ನನ್ನು ಕೆಲಸದಿಂದ ಕಿತ್ತುಹಾಕಲು ಹೊರಟಾಗ ತಡೆದವನೂ ಅವನೇ ಎಂದು ಆಮೇಲೆ ತಿಳಿಯಿತು. "ನನಗೊಂದು ಅವಕಾಶ ಕೊಟ್ರಲ್ಲ ಸಾಹೇಬ್ರ, ಅವನಿಗೂ ಒಂದು ಕೊಡ್ರಿ" ಅಂದನಂತೆ. ಶಿಕ್ಷೆಯೆಂದು ಹದಿನೈದು ದಿನ ಮನೆಯಲ್ಲಿ ಕೂತೆ. ಶೈಲಾ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ನಾಲ್ಕನೆಯ ದಿನ ಒಂದೇ ಒಂದು ಪ್ರಶ್ನೆ ಕೇಳಿದಳು: "ಆವತ್ತು ಬಸ್ಸಿನ್ಯಾಗೆ ನಾನೂ ಇರ್ತಿದ್ದೆ ಅಂತ ನಿಮಗೆ ನೆನಪಿತ್ತಾ?" ನೆನಪಿರಲಿಲ್ಲ. ಅದಾದ ಮೇಲೆ ನಾನು ಕುಡಿದಿಲ್ಲ; ಇದಕ್ಕೂ ಶೈಲಾ ಹಾಲೇಶಣ್ಣನಿಗೇ ಕೈಮುಗಿದಳು.

ಆರು ತಿಂಗಳು ಕಳೆದು ಲೈಸೆನ್ಸು ವಾಪಸ್ಸು ಬಂದಾಗ ಮ್ಯಾನೇಜರು ಬಸ್ಸಿನ ಕೀ ಮುಂದೆ ಚಾಚಿದರು. ಹಾಲೇಶಣ್ಣ ಬೇಡ ಅಂದ. ಕೆಲಸ ಬಿಟ್ಟು, ಹರಿಹರದ ಡ್ರೈವಿಂಗ್ ಶಾಲೆಯೊಂದರಲ್ಲಿ ಕಾರು ಕಲಿಸಲು ಸೇರಿಕೊಂಡ.

ಅವನನ್ನು ಕೊನೆಯ ಸಲ ನೋಡಿದ್ದು ಹರಿಹರದಲ್ಲಿ, ಚಹದಂಗಡಿಯ ಮುಂದೆ. ಬಸ್ಸಿಗೆ ಯಾಕೆ ಬರಲಿಲ್ಲ ಎಂದು ಕೇಳಿಯೇ ಬಿಟ್ಟೆ. ಚಹ ಆರಿಸಿಕೊಳ್ಳುತ್ತ ಹೇಳಿದ: "ಇಪ್ಪತ್ತು ವರ್ಷ ಅವರನ್ನೆಲ್ಲ ಕನ್ನಡಿಯಾಗೆ ನೋಡಿದ್ದೆ. ಆರು ತಿಂಗ್ಳು ಅವರ ನಡುವೆ ಕುಂತೆ. ಒಬ್ಬಾಕಿ ಬಸುರಿ, ಒಬ್ಬಾಕಿ ಗಂಡ ಹಾಸಿಗೆ ಹಿಡಿದಾನ. ಎಲ್ಲಾ ಕೇಳಿದ ಮ್ಯಾಲೆ ಸ್ಟೇರಿಂಗ್ ಮುಟ್ಟಾಕೆ ಅಂಜಿಕೆ ಬಂತು ನಾಗ್ರಾಜ. ಆರ್‌ಟಿಓದೋರು ಆರು ತಿಂಗಳಿಗೆ ಬಿಟ್ರು. ನನ್ನ ಕೈಯನ್ನ ನಾನಿನ್ನೂ ಬಿಟ್ಟಿಲ್ಲ."

ಅಂಥ ಅಂಜಿಕೆ ನನಗೆ ಒಂದು ದಿನವೂ ಬಂದಿರಲಿಲ್ಲವಲ್ಲ ಎಂದು, ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಈ ಬೇಸಿಗೆಯಲ್ಲಿ ಎದೆನೋವಿನಿಂದ ಹೋಗಿಬಿಟ್ಟ. ಕಾರ್ಖಾನೆಯ ಹೆಣ್ಣುಮಕ್ಕಳನ್ನು ಅವನ ಮನೆಗೆ ಕರೆದೊಯ್ದವನು ನಾನೇ. ಶೈಲಾ ಅವನ ಕಾಲ ಬಳಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ನಡುಗುವಂತೆ ಅಳುತ್ತಿದ್ದಳು. ಹೋಗಿ ಅವಳ ಭುಜ ಹಿಡಿದು ಸಮಾಧಾನ ಮಾಡಬೇಕಿತ್ತು. ನಾನು ಬಾಗಿಲಲ್ಲಿ ನಿಂತು, ನಾನು ಸತ್ತಾಗ ಇವಳು ಇಷ್ಟು ಅಳುತ್ತಾಳೋ ಇಲ್ಲವೋ ಎಂದು ನೋಡುತ್ತಿದ್ದೆ.