ಗುಂಡವ್ವನ ಕೈಗೆ ಬಂದ ಛತ್ರಿ

ತಂಗಡಗಿಯ ಗುಂಡವ್ವ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಅಂಗಡಿಯವನು ನಕ್ಕು ಮಾತಾಡಿಸಿದರೆ ಅವಳ ಕಣ್ಣು ತಕ್ಕಡಿಯ ಮೇಲಿರುತ್ತಿತ್ತು. ಗುಡಿಯ ಪ್ರಸಾದವನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅಂಥವಳನ್ನು ಗುತ್ತಿಗೆದಾರ ಬಸಂತರಾಯ ಒಂದು ಬೆಳಿಗ್ಗೆ ತಾನೇ ಕರೆದು, ಎಲ್ಲರೆದುರಿಗೆ ಕೈಯಲ್ಲಿ ಕರಿ ಛತ್ರಿ ಇಟ್ಟ.

ಅದು ಎಪ್ಪತ್ನಾಲ್ಕರ ಬೇಸಿಗೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟೆ ಏಳುತ್ತಿತ್ತು. ಸುತ್ತಲಿನ ರಸ್ತೆಗಳಿಗೆ ಲಾರಿಗಟ್ಟಲೆ ಗರಸು, ಅಂದರೆ ಕಲ್ಲುಹರಳಿನ ಮಣ್ಣು, ಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬಂದ ಕೂಲಿಗಳು ಗರಸಿನ ದಿನ್ನೆಯ ಪಕ್ಕ ಜೋಪಡಿ ಹಾಕಿಕೊಂಡಿದ್ದರು. ಬಸಂತರಾಯನ ಹೆಂಗಸರ ಗ್ಯಾಂಗಿನ ಕೆಲಸ, ಗಂಡಾಳುಗಳು ಮೇಲಿನಿಂದ ಕಡಿದು ಉರುಳಿಸಿದ್ದನ್ನು ದಿನ್ನೆಯ ಬುಡದಲ್ಲಿ ಕೂತು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಲಾರಿಗೆ ಸುರಿಯುವುದು.

ಆ ಕೆಲಸದ ಜಾಗದಲ್ಲಿ ಛತ್ರಿ ಎಂದರೆ ಮಳೆಗೂ ಅಲ್ಲ, ಬಿಸಿಲಿಗೂ ಅಲ್ಲ. ಛತ್ರಿ ಹಿಡಿದವನು ಮುಕಾದಮ. ಅವನು ಬುಟ್ಟಿ ಮುಟ್ಟುವುದಿಲ್ಲ, ದಿಬ್ಬದ ಮೇಲೆ ನಿಂತು ಕೆಲಸ ಹೇಳುತ್ತಾನೆ. ಎಂಜಿನಿಯರ ಸಾಹೇಬರು ಜೀಪಿನಿಂದ ಇಳಿದರೆ ಅವರ ಕಣ್ಣು ಮೊದಲು ಛತ್ರಿಯನ್ನು ಹುಡುಕುತ್ತದೆ. ಆಮೇಲೆ ಮಾತೆಲ್ಲ ಛತ್ರಿಯ ಜೊತೆಗೇ. ಕೆಳಗೆ ದುಡಿಯುವ ತಲೆಗಳು ಅವರಿಗೆ ಬುಟ್ಟಿಗಳಾಗಿ ಮಾತ್ರ ಕಾಣುತ್ತವೆ.

ಅಲ್ಲಿಯವರೆಗೆ ಛತ್ರಿ ಸಿದ್ದರಾಯನದಾಗಿತ್ತು. ಗ್ಯಾಂಗು ನಡೆಸುತ್ತಿದ್ದವಳು ಮಾತ್ರ ತಲೆಯ ಮೇಲೆ ಸಿಂಬಿ ಇಟ್ಟುಕೊಂಡ ಗುಂಡವ್ವ. ಬಸುರಿ ಹೆಂಗಸಿಗೆ ಲಾರಿ ಹತ್ತಿರದ ಸರದಿ ಕೊಡುವುದು, ಜಗಳ ಹತ್ತಿದವರನ್ನು ಬೇರೆ ಬೇರೆ ಸಾಲಿಗೆ ಹಾಕುವುದು, ಎಲ್ಲವೂ ಅವಳೇ. ಹಿಂದಿನ ವರ್ಷ ಇನ್ನೊಂದು ದಿನ್ನೆಯಲ್ಲಿ ಮೇಲಿನಿಂದ ಸಣ್ಣ ಹರಳು ಉದುರಿದ್ದು ಕಂಡು, ಕೂಗಿ ಎಲ್ಲರನ್ನೂ ಹೊರಗೆ ಎಳೆದವಳೂ ಅವಳೇ. ದಿನ್ನೆ ಕುಸಿಯಿತು, ಯಾರಿಗೂ ಏನೂ ಆಗಲಿಲ್ಲ. ಮರುದಿನ ಸಾಹೇಬರು ಬಂದು ಬೆನ್ನು ತಟ್ಟಿದ್ದು ಸಿದ್ದರಾಯನಿಗೆ. ಅವನು ಹೌದ್ರಿ ಸಾಹೇಬ್ರ ಎಂದು ಕೈ ಮುಗಿದ. ಗುಂಡವ್ವ ಬುಟ್ಟಿ ಹೊತ್ತು ಅವರ ಪಕ್ಕದಲ್ಲೇ ಹಾದು ಹೋದಳು. ಅಂದಿನಿಂದ ಅವಳಿಗೂ ಛತ್ರಿಯ ಆಸೆ ಇತ್ತು. ಯಾಕಿರಬಾರದು? ದುಡಿದವರು ಕಾಣಬೇಕೆಂದು ಬಯಸುವುದನ್ನು ಸೊಕ್ಕು ಎಂದು ಕರೆಯುವವರು ನೆರಳಲ್ಲಿ ನಿಂತವರೇ.

ಹೀಗೆ ಆಸೆಪಟ್ಟದ್ದು ಕೇಳದೆಯೇ ಕೈಗೆ ಬಂತು. ಅದಕ್ಕೇ ಅವಳಿಗೆ ಅನುಮಾನ. ಸಿದ್ದರಾಯ ಯಾಕೆ ಬಿಟ್ಟ? ಊರಲ್ಲಿ ಕೆಲಸ ಇತ್ತಂತೆ ಎಂದ ಬಸಂತರಾಯ. ಬಂದವರಿಗೆಲ್ಲ ಅವಳನ್ನು ತೋರಿಸಿ, ಇಡೀ ಜಿಲ್ಲೆಯಲ್ಲಿ ಹೆಣ್ಣುಮಗಳನ್ನು ಮುಕಾದಮ ಮಾಡಿದವನು ತಾನೊಬ್ಬನೇ ಎಂದು ಹೇಳಿಕೊಂಡ. ಗುಂಡವ್ವ ಅವನ ನಗೆಯನ್ನು ಪ್ರಸಾದದಂತೆ ಮೂಸಿ ನೋಡಿದಳು.

ಗ್ಯಾಂಗಿನವರ ಮೂಗೂ ಚುರುಕಾಗಿತ್ತು. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ರೊಟ್ಟಿ ತಿಂದವಳು ಇಂದು ದಿಬ್ಬದ ಮೇಲೆ ನಿಂತರೆ ಯಾರಿಗೆ ಸಹಿಸುತ್ತದೆ? ಅವಳ ಊರಿನವಳೇ ಆದ ರೇವವ್ವ ಬುಟ್ಟಿ ಹೊತ್ತು ಹಾಯುವಾಗ ಬೇಕೆಂದೇ ನಿಂತಳು.

"ಏನ ಮುಕಾದಮವ್ವ, ನೆಳ್ಳಿಗೆ ನಿಂತ ಮ್ಯಾಲ ನಮ್ಮ ಮಾರಿ ಗುರತ ಸಿಗತಾವೋ ಇಲ್ಲೋ?"

"ನಿನ್ನ ಮಾರಿ ಮರಿಯಾಕ ಆಗತೈತೇನ, ಬಾಯಿ ಮೊದಲ ಬರತೈತಿ," ಎಂದಳು ಗುಂಡವ್ವ. ಕೆಲವರು ನಕ್ಕರು. ರೇವವ್ವ ನಗಲಿಲ್ಲ.

ವಾರ ಕಳೆಯುವುದರೊಳಗೆ ಬಸಂತರಾಯ ಬಾಯಿ ಬಿಟ್ಟ. ಮಳೆಗಾಲದೊಳಗೆ ಕೆಲಸ ಮುಗಿಯಬೇಕು, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದರೆ ಆಗದು, ಬುಡ ಕೊರೆಯಿರಿ ಎಂದ. ಬುಡ ಕೊರೆಯುವುದೆಂದರೆ ದಿನ್ನೆಯ ಕಾಲಬುಡವನ್ನು ಗವಿಯಂತೆ ತೋಡುತ್ತ ಹೋಗುವುದು. ಕೊನೆಗೆ ಮೇಲಿನ ಗರಸು ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಕಡಿಯುವ ಶ್ರಮ ಉಳಿಯುತ್ತದೆ. ಯಾವಾಗ ಬೀಳುತ್ತದೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಸಾಹೇಬರಿಗೂ.

"ನೀ ಇಳೀರಿ ಅಂದ್ರ ಇಳೀತಾರ. ಹೆಣ್ಣಮಕ್ಕಳು ಹೆಣ್ಣಮಕ್ಕಳ ಮಾತ ಕೇಳ್ತಾರ," ಎಂದ ಬಸಂತರಾಯ.

ಸಂತೆಯ ದಿನ ಆಲಮಟ್ಟಿಯ ಚಹಾದಂಗಡಿಯಲ್ಲಿ ಸಿದ್ದರಾಯ ಕೂತಿದ್ದ. ಊರಿಗೇನೂ ಹೋಗಿರಲಿಲ್ಲ. ಛತ್ರಿ ಯಾಕೆ ಬಿಟ್ಟೆ ಎಂದು ಗುಂಡವ್ವ ಎದುರಿಗೆ ನಿಂತು ಕೇಳಿದಳು, ಅವನು ಕಪ್ಪಿನಿಂದ ತಲೆ ಎತ್ತದೆ ಹೇಳಿದ.

"ಬುಡಾ ಕೊರಸಾಕ ನಾ ಒಲ್ಲೆ ಅಂದೆ, ಛತ್ರಿ ಕಸಗೊಂಡ. ಬಿದ್ರ ಮುಕಾದಮನ ಕೊರಳಿಗೆ ಬರತೈತಿ ತಂಗಿ. ನಿಂದಾದ್ರ ಇನ್ನೂ ಹಗೂರ. ಹೆಂಗಸು, ಆಕಿಗೇನ ತಿಳೀತಿತ್ತು ಅಂದ್ರ ಮುಗೀತು."

ದಾರಿಯುದ್ದಕ್ಕೂ ಗುಂಡವ್ವ ಆ ಮಾತನ್ನು ಅಗಿದಳು. ಇವನನ್ನಾದರೂ ಹೇಗೆ ನಂಬುವುದು? ಛತ್ರಿ ವಾಪಸು ಬೇಕೆಂದು ಹೆದರಿಸುತ್ತಿರಬಹುದು. ಯಾರ ಮಾತೂ ಬೇಡವೆಂದು ದಿನ್ನೆಯ ನೆತ್ತಿ ಹತ್ತಿ ನೋಡಿದಳು. ಅವಳು ಸಂತೆಗೆ ಹೋದಾಗ ಬಸಂತರಾಯ ಬೇರೆ ಆಳುಗಳನ್ನು ಹಚ್ಚಿ ಬುಡ ಕೊರೆಯಲು ಶುರು ಮಾಡಿಸಿದ್ದ. ಅಂಚಿನಿಂದ ಒಂದು ಮಾರು ಹಿಂದೆ, ಒಣ ಹುಲ್ಲಿನ ನಡುವೆ ಬಿರುಕು ಎದ್ದಿತ್ತು. ಬೆರಳು ಹಾಕಿದಳು, ಮುಂಗೈ ತನಕ ಇಳಿಯಿತು.

ಕೆಳಗೆ ಬಂದು ಯಾರೂ ಬುಡಕ್ಕೆ ಹೋಗಬೇಡಿ ಎಂದಳು. ಗ್ಯಾಂಗು ನಂಬಲಿಲ್ಲ. ಬುಟ್ಟಿಯ ಲೆಕ್ಕದ ಕೂಲಿ ಅವರದು, ನಿಂತರೆ ಒಲೆ ಹೊತ್ತುವುದಿಲ್ಲ. ನಮ್ಮ ಕೆಲಸ ತಪ್ಪಿಸಿ ಬೇರೆ ಗ್ಯಾಂಗಿಗೆ ಕೊಡಿಸಲು ಇವಳೂ ಸಾವಕಾರ ಬಸಂತರಾಯನೂ ಕೂಡಿ ಆಡುವ ಆಟವಿದು ಎಂದು ರೇವವ್ವ ಎಲ್ಲರ ಕಿವಿಗೂ ಹಾಕಿದಳು. ಛತ್ರಿ ಬರುವ ಮೊದಲು ಗುಂಡವ್ವ ಒಮ್ಮೆ ಕೂಗಿದರೆ ಓಡಿ ಬಂದವರು ಈಗ ಅವಳ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವಳಿಗೆ ಎದೆ ಉರಿದದ್ದು ಅದಕ್ಕೆ. ನಾಳೆ ಇವರು ಇಳಿಯುತ್ತಾರೆ. ತಡೆಯಲು ತನ್ನ ಹತ್ತಿರ ಇದ್ದದ್ದು ಒಂದೇ, ತನ್ನ ಮಾತಿನ ಬೆಲೆ. ಅದನ್ನೇ ಛತ್ರಿ ತಿಂದುಬಿಟ್ಟಿತ್ತು.

ಬೆಳಿಗ್ಗೆ ಸಾಹೇಬರ ಜೀಪು ಬಂತು. ಬಸಂತರಾಯ ಎಂದಿನಂತೆ ನಮ್ಮ ಹೆಣ್ಣು ಮುಕಾದಮ ಎಂದು ಕೈ ತೋರಿಸಿದ. ಗುಂಡವ್ವ ದಿಬ್ಬದಿಂದ ಇಳಿದಳು. ಅವರ ಮುಂದೆ ನಿಲ್ಲದೆ ನೇರ ದಿನ್ನೆಯ ಬುಡಕ್ಕೆ ನಡೆದು, ಕೊರೆದ ಗವಿಯೊಳಗೆ ಛತ್ರಿ ಬಿಚ್ಚಿ ಕೂತಳು. ಬುಟ್ಟಿ ಹೊತ್ತವರು ಹೊತ್ತಲ್ಲೇ ನಿಂತರು.

"ಬರ್ರಿ ಸಾವಕಾರ್ರ," ಎಂದಳು, ಮನೆಗೆ ಬಂದ ಬೀಗರನ್ನು ಕರೆದಂತೆ. "ಇಲ್ಲಿ ನೆಳ್ಳ ಭಾಳ ತಂಪೈತಿ. ಸಾಹೇಬ್ರನೂ ಕರಕೊಂಡ ಬರ್ರಿ. ಒಂದ ಚಹಾ ಕುಡಿಯೂತನಕ ಕುಂತ ಹೋಗ್ರಿ."

ಬಸಂತರಾಯ ನಕ್ಕ. ಬಿಸಿಲಿಗೆ ಇವಳ ತಲೆ ತಿರುಗಿದೆ ಎಂದು ಸಾಹೇಬರಿಗೆ ಹೇಳಿದ. ಎಲ್ಲರೂ ನೋಡುತ್ತಿದ್ದರು, ಹಾಗಾಗಿ ಎರಡು ಹೆಜ್ಜೆ ಮುಂದಿಟ್ಟ. ಮೂರನೆಯದಕ್ಕೆ ಅವನ ಕಣ್ಣು ತಾನಾಗಿ ಮೇಲೆ ಹೋಯಿತು. ಅಲ್ಲೇ ನಿಂತ. ಮೇಲಿನಿಂದ ಒಂದೆರಡು ಹರಳು ಉರುಳಿ ಛತ್ರಿಯ ಬಟ್ಟೆಯ ಮೇಲೆ ಟಪ್ಪೆಂದವು. ಗುಂಡವ್ವ ಛತ್ರಿ ಓರೆ ಮಾಡಿ ಪಕ್ಕದ ಜಾಗ ತೋರಿಸಿದಳು.

ಸಾಹೇಬರು ಬಸಂತರಾಯನಿಗೆ, ಮೇಲಿನಿಂದಲೇ ಕಡಿಸಿ ಎಂದರು. ಜೀಪು ಹೋಯಿತು.

ಮರುದಿನ ಛತ್ರಿ ಅವಳ ಕೈಯಲ್ಲಿರಲಿಲ್ಲ. ಅದರ ಕೆಳಗೆ ಸಿದ್ದರಾಯ ನಿಂತಿದ್ದ. ಒಲ್ಲೆ ಎಂದವನು ಯಾವ ಮಾತಿಗೆ ಒಪ್ಪಿ ಬಂದನೋ ಯಾರೂ ಕೇಳಲಿಲ್ಲ. ಗುಂಡವ್ವ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಸಾಲಿನ ಕೊನೆಗೆ ಸೇರಿದಳು. ಕೆಲವು ದಿನ ಮೇಲಿನಿಂದಲೇ ಕಡಿದರು. ಜೀಪು ಆ ಕಡೆ ಸುಳಿಯಲಿಲ್ಲ. ಒಂದು ಬೆಳಿಗ್ಗೆ ಸಿದ್ದರಾಯ ಯಾರ ಮುಖವನ್ನೂ ನೋಡದೆ, ಇವತ್ತು ಬುಡಕ್ಕೆ ಇಳೀರಿ ಎಂದ.

ಸಾಲು ಅಲುಗಲಿಲ್ಲ. ಮುಂದಿದ್ದ ರೇವವ್ವ ಹಿಂದಕ್ಕೆ ತಿರುಗಿದಳು. "ಗುಂಡಕ್ಕ, ಇಳೀಬೇಕೇನ?"

ಗುಂಡವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಕಲಿಸಿ ಕಳಿಸ್ಯಾರ ನಿನಗ ಇದನ್ನ?"

"ಯಾರೂ ಇಲ್ಲ. ಅವತ್ತ ಸಾವಕಾರ್ರ ಕಣ್ಣ ಎಲ್ಲಿ ಹೋತು, ನಾನೂ ನೋಡೇನಿ."

ಗುಂಡವ್ವ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ರೇವವ್ವನೂ ಹಾಕಿದಳು. ಸಾಲಿನುದ್ದಕ್ಕೂ ಬುಟ್ಟಿಗಳು ಬೋರಲಾದವು. ಲಾರಿಯವನು ಹಾರ್ನು ಹೊಡೆದು ಹೊಡೆದು ಬೇಸತ್ತು ಇಳಿದು ಬೀಡಿ ಹಚ್ಚಿದ.

ಹೊತ್ತೇರಿದ ಮೇಲೆ ಬಸಂತರಾಯ ಬಂದ. ಛತ್ರಿಯ ಪಕ್ಕದಲ್ಲೇ ಹಾದನು, ಅದರ ಕೆಳಗಿದ್ದವನನ್ನು ಮಾತಾಡಿಸಲಿಲ್ಲ. ಸಾಲಿನ ಕೊನೆಗೆ ಬಂದು, ಏನು ಮಾಡಬೇಕಂತೀ ಎಂದು ಕೇಳಿದ. ನಗೆ ಇರಲಿಲ್ಲ, ಬಿಸಿಲು ನೇರ ಅವನ ನೆತ್ತಿಗೆ ಹೊಡೆಯುತ್ತಿತ್ತು.

"ಮ್ಯಾಲಿಂದ ಕಡಸ್ರಿ, ಏಳ್ತೇವಿ," ಎಂದಳು ಗುಂಡವ್ವ.

ಅವನು ಆಗಲಿ ಎಂದು ತಲೆ ಆಡಿಸಿದ. ಉಳಿದವರು ಸೆರಗು ಕೊಡವಿ ಏಳಹೋದರು. ಗುಂಡವ್ವ ಕೈ ಅಡ್ಡ ಹಿಡಿದಳು. ಕಡಿಯುವ ಆಳುಗಳು ಗುದ್ದಲಿ ಹೆಗಲಿಗಿಟ್ಟು ದಿನ್ನೆಯ ನೆತ್ತಿ ಹತ್ತಿ, ಮೊದಲ ಏಟು ಹಾಕಿದ್ದು ಕಣ್ಣಾರೆ ಕಂಡ ಮೇಲೆಯೇ ತನ್ನ ಬುಟ್ಟಿಯನ್ನು ಮೇಲ್ಮುಖ ಮಾಡಿದಳು.